ನೀರು ಕೇಳುವ ಬಟನ್ನು

ಏಳು ಸಮುದ್ರದಾಚೆ ಅಲ್ಲ, ಇಲ್ಲೇ ಬಸ್ ಸ್ಟಾಪಿನ ಹಿಂದಿನ ಮನೆಯಲ್ಲಿ ಒಬ್ಬ ತಾತ ಇದ್ದ. ಗಂಟಲಿನ ಕಾಯಿಲೆ ಅವನ ದನಿಯನ್ನು ಕದ್ದೊಯ್ದಿತ್ತು. ಕಥೆಯಾಗಿದ್ದರೆ ರಾಜಕುಮಾರ ಕುದುರೆಯೇರಿ ದನಿ ಹುಡುಕಲು ಹೊರಡುತ್ತಿದ್ದ. ಇಲ್ಲಿ ಮೊಮ್ಮಗಳು ತಾತನ ಫೋನಿಗೊಂದು ಆ್ಯಪ್ ಮಾಡಲು ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಸಂಜೆ ತಾತ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕು. ಆ ವಾರ್ಡಿನಲ್ಲಿ ಮನೆಯವರು ಉಳಿಯುವಂತಿಲ್ಲ. "ಅಷ್ಟರೊಳಗೆ ನಿನ್ನ ಫೋನೇ ನಿನ್ನ ಪರವಾಗಿ ಮಾತಾಡತ್ತೆ, ನೋಡ್ತಿರು" ಎಂದು ಮಾತು ಕೊಟ್ಟುಬಿಟ್ಟಿದ್ದಳು.

ಕೆಲಸವೇನೋ ಹೂವೆತ್ತಿದಷ್ಟು ಸಲೀಸು. ಪರದೆಯ ಮೇಲಿನ ಬಟನ್ನು ಬರೀ ಚಿತ್ರ. ಅದರಿಂದ ಒಂದು ಗೆರೆ ಎಳೆದು, ಹಿಂದೆ ಕೂತ ಕಂಟ್ರೋಲರ್ ಎಂಬ ಕೋಡಿನ ಒಂದು ಮೆಥಡ್ಡಿಗೆ, ಅಂದರೆ ಏನು ಮಾಡಬೇಕೆಂದು ಬರೆದಿಟ್ಟ ಅಪ್ಪಣೆಗೆ, ಗಂಟು ಹಾಕಬೇಕು. ಒತ್ತಿದ ಕೂಡಲೇ ಆ ಮೆಥಡ್ಡು ಎದ್ದು ತನ್ನ ಕೆಲಸ ಮಾಡುತ್ತದೆ. 'ನೀರು' ಒತ್ತಿದಾಗ ಫೋನು "ನೀರು ಕೊಡಿ" ಎಂದಿತು. ತಾತ ಎದ್ದು ಕುಣಿಯಲಿಲ್ಲ, ಅಷ್ಟೇ.

ಆಮೇಲೆ 'ಉಸಿರು' ಒತ್ತಿದಳು.

"ನೀರು ಕೊಡಿ. ಉಸಿರು ಕಟ್ತಿದೆ, ಬೇಗ ಬನ್ನಿ."

"ಅಯ್ಯೋ, ಮೊದಲನೇ ಮಾತು ಕೇಳಿದ್ದೇ ನರ್ಸಮ್ಮ ಲೋಟ ಹುಡುಕ್ಕೊಂಡು ಹೋಗ್ತಾಳೆ ಕಣೇ!" ಬ್ಯಾಗಿಗೆ ಟವೆಲ್ ತುರುಕುತ್ತಿದ್ದ ಚಿಕ್ಕಮ್ಮ ಕೂಗಿದಳು.

"ಗೊತ್ತು ಚಿಕ್ಕಮ್ಮ, ನೋಡ್ತಿದೀನಿ."

'ಉಸಿರಿ'ನ ಮೆಥಡ್ಡನ್ನು ಅಕ್ಷರ ಅಕ್ಷರ ಓದಿದಳು. ಅದರಲ್ಲಿ ನೀರಿನ ಸುಳಿವೇ ಇಲ್ಲ. ಅಳಿಸಿ ಮತ್ತೆ ಬರೆದಳು. ಫೋನು ಆರಿಸಿ ಹಚ್ಚಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. 'ನೋವು' ಒತ್ತಿದರೂ ಮೊದಲು ನೀರೇ. ತಾತನಿಗಂತೂ ಮಜಾ, ಮತ್ತೆ ಮತ್ತೆ ಒತ್ತಿ, ಭುಜ ಕುಲುಕಿಸಿ ಸದ್ದಿಲ್ಲದೆ ನಗುತ್ತಿದ್ದ.

"ಸಾಕು ತಾತ! ಇದೇನು ಆಟದ ಸಾಮಾನಾ?"

ತಾತ ಬೆರಳು ಹಿಂದೆಳೆದುಕೊಂಡ. ಕೈಯನ್ನು ಶಾಲಿನೊಳಗೆ ಇಟ್ಟುಕೊಂಡು ಗೋಡೆ ನೋಡತೊಡಗಿದ. ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿ ಬಿಸಾಡಬೇಕು ಅನ್ನಿಸಿತು.

"ಟ್ಯಾಕ್ಸಿ ಬರೋ ಹೊತ್ತಾಯ್ತು," ಎಂದಳು ಚಿಕ್ಕಮ್ಮ. "ನೀರಿನ ಬಟನ್ ಮಾಡಿದ ಹಾಗೇ ಇದನ್ನೂ ಮಾಡೋಕೇನು ಧಾಡಿ?"

"ಹಾಗೇ ಮಾಡಿದ್ದು! ಮೊದಲಿಂದ ಯಾರು ಮಾಡ್ತಾರೆ ಅಂತ ಅದನ್ನೇ ನಕಲು ಹೊಡೆದು, ಹೆಸರು ಬದಲಾಯಿಸಿ, ಹೊಸ ಗಂಟು..."

ಹೊಸ ಗಂಟು ಹಾಕಿದ್ದಳು. ಹಳೆಯದನ್ನು ಬಿಚ್ಚಿರಲಿಲ್ಲ.

ಬಟನ್ನಿನ ಸಂಪರ್ಕಗಳನ್ನು ತೆರೆದು ನೋಡಿದಳು. ಎರಡು ಗೆರೆ! ನಕಲು ಹೊಡೆದಾಗ ನೀರಿನ ಗೆರೆಯೂ ಬಾಲದಂತೆ ಜೊತೆಗೇ ಬಂದಿತ್ತು. ಬೆಳಗಿನಿಂದ ಮೆಥಡ್ಡಿನೊಳಗೇ ತಲೆ ಹುದುಗಿಸಿಕೊಂಡಿದ್ದವಳು ಬಟನ್ನಿನ ಕಡೆ ತಿರುಗಿಯೂ ನೋಡಿರಲಿಲ್ಲ. 'ಉಸಿರು', 'ನೋವು' ಎರಡರಿಂದಲೂ ನೀರಿನ ಗೆರೆಯನ್ನು ಕಿತ್ತು ಹಾಕಿದಳು.

"ತಾತ, ಬೈದಿದ್ದು ತಪ್ಪಾಯ್ತು. ಒಂದೇ ಸಲ ಒತ್ತು."

ಗೋಡೆಯಿಂದ ಕಣ್ಣು ಕೀಳಲು ತಾತ ಸ್ವಲ್ಪ ಸತಾಯಿಸಿದ. ಹೊರಗೆ ಟ್ಯಾಕ್ಸಿಯ ಹಾರ್ನು. ಕಡೆಗೆ ಶಾಲಿನೊಳಗಿಂದ ಬೆರಳು ಹೊರಬಂತು.

"ಉಸಿರು ಕಟ್ತಿದೆ, ಬೇಗ ಬನ್ನಿ," ಎಂದಿತು ಫೋನು. ಅಷ್ಟನ್ನೇ.