ತಂತಿಯಣ್ಣನ ಕೊನೆಯ ನಕ್ಷೆ

ಸತ್ತವನ ಅಂಗಿಯ ಜೇಬಿಗೆ ಪೈಲಟ್ ಕೈ ಹಾಕಿದ್ದಾಗಲೇ ಸತ್ತವನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಮೊಳೆಗೆ ನೇತುಬಿದ್ದ ಅಂಗಿಯಿಂದ ಕೈ ತೆಗೆಯಲೂ ಆಗದೆ ಅವನು ಬೆಪ್ಪನಂತೆ ನಿಂತ.

“ಕ್ಷಮಿಸಿ ಅಕ್ಕಾ. ನಾಳೆ ಬೆಳಿಗ್ಗೆ ಹೊಳೆಯಾಚೆ ಹತ್ತಿ ಹೊಲಕ್ಕೆ ವಿಮಾನದಿಂದ ಔಷಧಿ ಹೊಡೀಬೇಕು. ಹುಳ ಬಿದ್ದಿದೆ, ತಡ ಮಾಡೋ ಹಾಗಿಲ್ಲ. ಅಣ್ಣ ಮೊನ್ನೆ ನೋಡ್ಕೊಂಡು ಬಂದ್ರಲ್ಲ, ಆ ನಕ್ಷೆ...”

“ಎಡಗಡೆ ಜೇಬು,” ಎಂದಳು ಅವಳು.

ನಡುಮನೆಯಲ್ಲಿ ಹೆಣ ಮಲಗಿತ್ತು. ನಿದ್ದೆಯಲ್ಲೇ ಹೃದಯ ನಿಂತಿತ್ತು. ಯಾರಿಗೂ ತೊಂದರೆ ಕೊಡದ ಸಾವು. ಪಕ್ಕದಲ್ಲಿ ಕೂತ ಮೆಕ್ಯಾನಿಕ್ ಮೂಗು ಒರೆಸಿಕೊಳ್ಳುತ್ತ ಹೇಳುತ್ತಿದ್ದ: “ಇಪ್ಪತ್ತು ವರ್ಷ ವಿಮಾನದ ಕೆಲಸ, ಒಂದು ದಿನಾನೂ ಹತ್ತಲಿಲ್ಲ ಮಹಾರಾಯ! ಕರೆದ್ರೆ, ‘ನೆಲದ ಮೇಲೇ ಕಾಲು ನಡುಗುತ್ತೆ, ಮೇಲೆ ಬೇರೆ ಬರ್ಬೇಕಾ’ ಅನ್ನೋನು ನಮ್ಮ ತಂತಿಯಣ್ಣ.” ಯಾರೋ ನಕ್ಕರು, ನಗುತ್ತಲೇ ಅತ್ತರು.

*

ಮೊದಲು ತಂತಿಯಣ್ಣ ವಿಮಾನದ ಟ್ಯಾಂಕಿಗೆ ಔಷಧಿ ತುಂಬಿಸುತ್ತಿದ್ದ. ಹಿಂದಿನ ಪೈಲಟ್ ಕರೆಂಟಿನ ತಂತಿಗೆ ಸಿಕ್ಕಿ ಬಿದ್ದು ಸತ್ತದ್ದನ್ನು ಕಣ್ಣಾರೆ ಕಂಡ ಮೇಲೆ, ಯಾರೂ ಹೇಳದೆಯೇ ಹೊಲ ಸುತ್ತತೊಡಗಿದ. ಪೈರಿನ ಮೇಲೆ ಆಳೆತ್ತರದಲ್ಲಿ ಹಾರುವವನಿಗೆ ಕಂಬ ಕಂಡೀತು, ತಂತಿ ಕಾಣುವುದಿಲ್ಲ. ಹಾಗಾಗಿ ಮೊದಲೇ ಹೊಲವಿಡೀ ನಡೆದು ನಕ್ಷೆಯಲ್ಲಿ ಪ್ರತಿ ತಂತಿಗೊಂದು ಕೆಂಪು ಗೆರೆ ಎಳೆಯುವುದು, ಹಾರುವ ದಿನ ಗೆರೆ ಇದ್ದಲ್ಲೆಲ್ಲ ಉದ್ದ ಗಳಕ್ಕೆ ಬಿಳಿ ಬಾವುಟ ಕಟ್ಟಿ ನೆಡುವುದು ಅವನ ರೂಢಿಯಾಯಿತು.

“ಬಾವುಟ ಇಲ್ಲದ ಕಡೆ ಕಣ್ಣು ಮುಚ್ಕೊಂಡು ಹಾರು ತಮ್ಮಾ,” ಎನ್ನುತ್ತಿದ್ದ. ಪೈಲಟ್ ಹೆಚ್ಚುಕಡಿಮೆ ಹಾಗೆಯೇ ಹಾರಿದ್ದ.

*

ನಕ್ಷೆಯಲ್ಲಿ ಎರಡು ಕೆಂಪು ಗೆರೆಗಳಿದ್ದವು. ಸದ್ಯ, ಎರಡೇ ಎಂದು ಪೈಲಟ್ ಉಸಿರುಬಿಟ್ಟ.

ಅವಳು ಬಾಗಿಲು ಮುಂದೆ ಮಾಡಿದಳು. “ತಮ್ಮಾ, ಯಾರಿಗೂ ಹೇಳ್ಬೇಡ. ಎರಡು ವರ್ಷದಿಂದ ಅವರಿಗೆ ತಂತಿ ಕಾಣ್ತಿರ್ಲಿಲ್ಲ, ಕಣ್ಣು ಮಂಜಾಗಿತ್ತು. ಬಿಟ್ಬಿಡಿ ಅಂದ್ರೆ, ಬೇರೆಯೋರು ಸರಿಯಾಗಿ ನೋಡಲ್ಲ, ಆ ಹುಡುಗ ಸಾಯ್ತಾನೆ ಅಂತ ಹೆದರೋರು. ನಾನೇ ಜೊತೆಗೆ ಹೋಗಿ ಹೇಳ್ತಿದ್ದೆ, ಅವರು ಗೆರೆ ಎಳೀತಿದ್ರು.”

ಎರಡು ವರ್ಷ ಹಾರಿದ ಹೊಲಗಳೆಲ್ಲ ಒಮ್ಮೆಲೇ ಪೈಲಟ್‌ನ ಕಣ್ಣ ಮುಂದೆ ಬಂದವು.

“ಮೊನ್ನೆನೂ ಹೋಗಿದ್ರಿ ತಾನೇ ಅಕ್ಕಾ?”

“ಮೊನ್ನೆ ನನಗೆ ಜ್ವರ. ಬೇಡ ಬೇಡ ಅಂದ್ರೂ ಕೇಳದೆ ಒಬ್ಬರೇ ಹೋದ್ರು.”

ಅಂದು ಸಂಜೆ ಮಣ್ಣು ಮಾಡಿದ ಮೇಲೆ ಎಲ್ಲರೂ ಮನೆಯ ಕಡೆ ತಿರುಗಿದರು. ಅವಳು ಮಾತ್ರ ಮನೆಯ ಮೂಲೆಯಲ್ಲಿದ್ದ ಬಾವುಟದ ಗಳ ತರಿಸಿಕೊಂಡು, ಅದೇ ಸೀರೆಯಲ್ಲಿ, ಮಣ್ಣು ಮೆತ್ತಿದ ಕಾಲಲ್ಲಿ ಹೊಳೆ ದಾಟಿದಳು. ಪೈಲಟ್ ನಕ್ಷೆ ಹಿಡಿದು ಹಿಂದೆಯೇ ನಡೆದ. ಮೊದಲನೆಯ ಗೆರೆ ಸರಿಯಿತ್ತು. ಎರಡನೆಯದೂ ಸರಿಯಿತ್ತು. ಅವನು ನಕ್ಷೆ ಮಡಿಸತೊಡಗಿದ.

ಹೊಲದ ನಡುವೆ ಅವಳು ತಟ್ಟನೆ ನಿಂತಳು.

“ಇಲ್ಲಿ ಏನು ಬರೆದಿದ್ದಾರೆ?”

“ಏನೂ ಇಲ್ಲ ಅಕ್ಕಾ.”

ಅವನು ತಲೆಯೆತ್ತಿ ನೋಡಿದ. ಬರೀ ಆಕಾಶ. ಅವಳು ಬೆರಳು ತೋರಿದ ಮೇಲೆಯೇ ಎಳೆಯಷ್ಟು ಸಣ್ಣಗೆ ಒಂದು ತಂತಿ ಕಂಡಿತು. ಅವಳು ಸೆರಗು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಗಳ ಹಿಡಿದು, ಬಿಳಿ ಬಾವುಟವನ್ನು ಮೇಲೆತ್ತಿದಳು.