ಅಟ್ಟದ ಕಾಯಿ

ಹಾಲಿನ ಡೈರಿ ದಾಟುವುದರೊಳಗೆ ಹೇಳಿಬಿಡಬೇಕು ಎಂದು ಮಹಾಂತೇಶ ನಿಶ್ಚಯಿಸಿದ. ಡೈರಿ ಬಂತು, ಹೋಯಿತು. ಬಸ್ ಸ್ಟಾಪಿನ ಹತ್ತಿರ ಎಂದುಕೊಂಡ. ಅದೂ ಹೋಯಿತು. ತಿಪಟೂರಿನಿಂದ ಹೊನ್ನವಳ್ಳಿಗೆ ಇರುವುದೇ ಅಷ್ಟು ದೂರ. ಧೈರ್ಯ ತಂದುಕೊಳ್ಳುವುದಕ್ಕೆ ಸಾಲದು.

ಟ್ಯಾಕ್ಸಿಯಲ್ಲಿ ಅವನ ಪಕ್ಕ ಲೀಲಾ ಗೊವೆಂಡರ್ ಕಿಟಕಿಗೆ ಹಣೆಯೊತ್ತಿ ತೆಂಗಿನ ತೋಟಗಳನ್ನು ನೋಡುತ್ತಿದ್ದಳು. ಅರವತ್ತಮೂರು ವರ್ಷ, ಡರ್ಬನ್ನಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆಯಿಲ್ಲ. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ 1903ರಲ್ಲಿ ಮದರಾಸಿನಿಂದ ನಟಾಲಿನ ಕಬ್ಬಿನ ತೋಟಗಳಿಗೆ ಕೂಲಿಯಾಳುಗಳನ್ನು ಹೊತ್ತೊಯ್ದ ಹಡಗಿನ ಪಟ್ಟಿ. ಚಿಕ್ಕಗೌರಿ, ವಯಸ್ಸು ಇಪ್ಪತ್ತೆರಡು, ತಂದೆ ಮಹಾಂತಪ್ಪ, ಊರು ಹೊನ್ನವಳ್ಳಿ, ಎಡ ಮುಂಗೈಯಲ್ಲಿ ಸುಟ್ಟ ಕಲೆ. ಅದರ ಕೆಳಗಿನ ನಂಬರು ಹುಚ್ಚರಂಗ, ಇಪ್ಪತ್ತೈದು, ಅದೇ ಊರು. ಸಂಬಂಧದ ಕಾಲಮ್ಮಿನಲ್ಲಿ ಗಂಡ ಎಂದಿತ್ತು.

"ಅಮ್ಮನಿಗೆ ತೊಂಬತ್ತೆರಡು," ಎಂದಳು ಲೀಲಾ. "ಚಿಕ್ಕಗೌರಿ ಅವಳ ಅಜ್ಜಿ. ಆಕೆಯ ಮಡಿಲಲ್ಲೇ ಬೆಳೆದವಳು. ದಿನಾ ಫೋನಿನಲ್ಲಿ ಒಂದೇ ಪ್ರಶ್ನೆ, ಬಾಗಿಲು ಸಿಕ್ಕಿತಾ ಅಂತ."

"ಬಾಗಿಲು?"

"ಅಜ್ಜಿ ದಾಟಿ ಬಂದ ಬಾಗಿಲು. ಮುಟ್ಟಿ ಬಾ ಎಂದು ಕಳಿಸಿದ್ದಾಳೆ."

"ಹಳೆಯ ಮನೆಗಳೆಲ್ಲ ಬಿದ್ದುಹೋಗಿವೆ," ಎಂದ ಮಹಾಂತೇಶ.

ಹೊನ್ನವಳ್ಳಿಯಲ್ಲಿ ಅವನ ಮನೆಯ ಬಾಗಿಲಿಗೆ ನೂರೈವತ್ತು ವರ್ಷವಾಗಿತ್ತು. ಅವನಿಗೆ ಹೆಸರಿಟ್ಟಿದ್ದೇ ಆ ಮಹಾಂತಪ್ಪನದು.

ತಿಪಟೂರಿನ ಕಾಲೇಜಿನಲ್ಲಿ ಅವನು ಇತಿಹಾಸದ ಮೇಷ್ಟ್ರು. ಹಡಗು ಹತ್ತಿ ಹೋದ ಮೈಸೂರು ಸೀಮೆಯ ಜನರ ಬಗ್ಗೆ ಒಂದು ಪ್ರಬಂಧ ಬರೆದು, ಹದಿನೈದು ವರ್ಷದಿಂದ ಅದನ್ನೇ ಊರೂರಿನಲ್ಲಿ ಓದಿ ಹನ್ನೊಂದು ಶಾಲು ಸಂಪಾದಿಸಿದ್ದ. ಸಮುದ್ರದ ಎರಡೂ ದಡಗಳು ಒಂದೇ ಮನೆಯ ಎರಡು ಜಗಲಿಗಳು ಎಂಬ ವಾಕ್ಯಕ್ಕೆ ಎಲ್ಲ ಕಡೆಯೂ ಚಪ್ಪಾಳೆ ಬೀಳುತ್ತಿತ್ತು. ಪಟ್ಟಿಗಳಲ್ಲಿ ಸಾವಿರಾರು ಹೆಸರು ಓದಿದ್ದವನಿಗೆ ತನ್ನ ಮನೆಯದೂ ಒಂದು ಸಿಕ್ಕೀತೆಂಬ ಯೋಚನೆಯೇ ಬಂದಿರಲಿಲ್ಲ. ಇತಿಹಾಸವೆನ್ನುವುದು ಬೇರೆಯವರ ಮನೆಯಲ್ಲಿ ನಡೆಯುವಂಥದ್ದು.

ಅವನ ಮನೆಯ ಕಥೆಯೇ ಬೇರೆ. ಮುತ್ತಜ್ಜನ ತಂಗಿ ಚಿಕ್ಕಗೌರಮ್ಮ ಒಂದು ಬೆಳಿಗ್ಗೆ ನೀರು ಸೇದಲು ಹೋದವಳು ಬರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಅವಳ ಇಷ್ಟಲಿಂಗ ಸಿಕ್ಕಿತು. ಉಸಿರಿರುವ ತನಕ ಕೊರಳಿಂದ ತೆಗೆಯುವ ವಸ್ತುವಲ್ಲ ಅದು. ಆದ್ದರಿಂದ ಅವಳು ಸತ್ತಳು. ಹೆಣ ಸಿಗದಿದ್ದರಿಂದ ಗಂಗೆಯೇ ಆದಳು. ಅಂದಿನಿಂದ ಆಕೆ ಬಾವಿಯಮ್ಮ. ವರ್ಷಕ್ಕೊಂದು ಸೀರೆ, ಎಡೆ, ಊರಿನವರಿಗೆ ಊಟ. ಮನೆಯ ಆಳು ಹುಚ್ಚರಂಗ ಆ ದುಃಖ ತಡೆಯಲಾರದೆ ಅದೇ ದಿನ ಊರು ಬಿಟ್ಟನಂತೆ. ಅಂಥ ನಿಯತ್ತು ಈಗಿನ ಆಳುಗಳಲ್ಲಿ ಎಲ್ಲಿದೆ ಎಂದು ಮಹಾಂತೇಶನ ಅಜ್ಜ ಕೊನೆಯವರೆಗೂ ಹೇಳುತ್ತಿದ್ದರು.

ಅವನ ಪ್ರಬಂಧದ ಸುದ್ದಿ ತಿಳಿದು ಲೀಲಾ ಕಳಿಸಿದ ಪಟ್ಟಿ ಇಮೇಲಿನಲ್ಲಿ ಬಂದ ದಿನ ಮಹಾಂತೇಶ ಸ್ಟಾಫ್ ರೂಮಿನಲ್ಲಿ ಒಬ್ಬನೇ ನಕ್ಕಿದ್ದ. ಆಮೇಲೆ ಅಣ್ಣ ಬಸವರಾಜಪ್ಪನಿಗೆ ಫೋನು ಮಾಡಿದ್ದ. ಅಣ್ಣ ನಗಲಿಲ್ಲ, ಮಗಳಿಗೆ ಗಂಡು ನೋಡುತ್ತಿದ್ದ.

"ಬರೋ ಗುರುವಾರ ಜೀವಿತಾನ್ನ ನೋಡಕ್ಕೆ ಬತ್ತಾವ್ರೆ ಕಣ್ಲಾ. ಬಾವಿಯಮ್ಮನ ಮನೆತನ ಅಂತಾನೇ ಕೇಳ್ಕಂಡು ಬತ್ತಿರೋದು. ಆಯಮ್ಮನ್ನ ಕರ್ಕಂಡ್ ಬಾ, ಊಟ ಹಾಕನ. ಆ ಮಾತು ಮಾತ್ರ ಬ್ಯಾಡ."

ಆ ಹೆಸರಿನ ವಂಶ ಈಗ ಊರಿನಲ್ಲಿಲ್ಲ, ಬೇಕಾದರೆ ಊರು ತೋರಿಸಬಲ್ಲೆ ಎಂದು ಮಹಾಂತೇಶ ಅವಳಿಗೆ ಉತ್ತರ ಬರೆದ. ಬರೆದು, ವ್ಯಾಕರಣ ಸರಿಯಾಗಿದೆಯೇ ಎಂದು ಎರಡು ಸಲ ಓದಿ ಕಳಿಸಿದ.

ಹೊನ್ನವಳ್ಳಿಯ ಮನೆಯ ಬಾಗಿಲು ಗಿಡ್ಡ. ಲೀಲಾ ಚಪ್ಪಲಿ ಬಿಟ್ಟು, ಬಗ್ಗಿ, ಆಸರೆಗೆ ಚೌಕಟ್ಟನ್ನು ಹಿಡಿದುಕೊಂಡಳು. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಇದು ಹಳೆಯದೇ?"

"ರಿಪೇರಿ ಮಾಡಿಸಿದ್ದು," ಎಂದ.

ಹಿತ್ತಿಲಲ್ಲಿ ಬಾವಿಗೆ ಕಬ್ಬಿಣದ ಜಾಲರಿ ಹಾಕಿತ್ತು. ನೀರು ಬತ್ತಿ ಇಪ್ಪತ್ತು ವರ್ಷ. ಪಕ್ಕದ ಬೋರ್‌ವೆಲ್ಲೇ ತೋಟಕ್ಕೂ ಮನೆಗೂ. ಕಟ್ಟೆಯ ಮೇಲಿನ ಕಲ್ಲಿಗೆ ಹೊಸ ಸೀರೆ ಸುತ್ತಿತ್ತು. ಕಲ್ಲಿನಲ್ಲಿ ಕೆತ್ತಿದ ಹೆಸರಿನ ಮೇಲೆ ಅರಿಶಿನ ಕುಂಕುಮ ದಪ್ಪಗೆ ಮೆತ್ತಿತ್ತು. ಬೆಳಿಗ್ಗೆ ಬಸವರಾಜಪ್ಪ ಮುಂದೆ ನಿಂತು ಮೆತ್ತಿಸಿದ್ದ. ಈಗಿನ ಫೋನುಗಳು ಕನ್ನಡವನ್ನೂ ಓದುತ್ತವೆಂದು ಅವನಿಗೆ ಗೊತ್ತಿತ್ತು.

"ಯಾರು ಈಕೆ?"

"ಮನೆಯ ಹೆಣ್ಣುಮಗಳು. ಬಾವಿಗೆ ಬಿದ್ದು ತೀರಿಕೊಂಡಳು. ಬಹಳ ಹಿಂದೆ."

"ಪಾಪ," ಎಂದಳು ಲೀಲಾ. "ಎಷ್ಟು ವಯಸ್ಸು?"

"ಇಪ್ಪತ್ತೆರಡು."

ಬಾಯಿ ತಪ್ಪಿ ಬಂದಿತ್ತು. ಅವನು ಫೈಲಿನತ್ತ ನೋಡಿದ. ಆಕೆ ಫೈಲು ತೆರೆಯಲಿಲ್ಲ. ಬಗ್ಗಿ ಕಲ್ಲಿಗೆ ಹಣೆ ಮುಟ್ಟಿಸಿದಳು. ಎದ್ದಾಗ ಹಣೆಯಲ್ಲಿ ಕುಂಕುಮ ಅಂಟಿತ್ತು, ಕಣ್ಣಲ್ಲಿ ನೀರಿತ್ತು. ಯಾರದೋ ಮನೆಯ ಸತ್ತ ಹುಡುಗಿಗಾಗಿ ಆಕೆ ಅಳುತ್ತಿದ್ದಳು. ಮಹಾಂತೇಶ ಜಾಲರಿಯ ತುಕ್ಕನ್ನು ನೋಡುತ್ತ ನಿಂತ.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಅತ್ತಿಗೆ ಗುರುಸಿದ್ದಮ್ಮ ಬಡಿಸಿದಳು. ಲೀಲಾ ತುತ್ತು ಮುರಿದವಳು ಬಾಯಿಗಿಡುವ ಮುನ್ನ ಎಡಗೈಯನ್ನು ಎದೆಯ ಮಧ್ಯಕ್ಕೆ ಒಯ್ದು, ಏನನ್ನೋ ಹಿಡಿದಂತೆ ಬೆರಳು ಮಡಚಿ, ಒಂದು ಗಳಿಗೆ ಕಣ್ಣು ಮುಚ್ಚಿದಳು. ಎದುರಿಗೆ ಬಸವರಾಜಪ್ಪನೂ ಅದೇ ಗಳಿಗೆಯಲ್ಲಿ ಅದನ್ನೇ ಮಾಡುತ್ತಿದ್ದ. ಅವನ ಬೆರಳೊಳಗೆ ಲಿಂಗವಿತ್ತು. ಅವಳ ಬೆರಳೊಳಗೆ ಏನೂ ಇರಲಿಲ್ಲ.

ಗುರುಸಿದ್ದಮ್ಮನ ಕೈಯಲ್ಲಿ ಸೌಟು ನಿಂತಿತು. "ನೋಡುದ್ರಾ," ಎಂದಳು ಗಂಡನಿಗೆ.

ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಲೀಲಾ ನಾಚಿದಳು. "ನಮ್ಮ ಮನೆಯಲ್ಲಿ ಹೀಗೇ. ಅಮ್ಮನೂ ಮಾಡುತ್ತಾಳೆ. ಅಜ್ಜಿಯಿಂದ ಬಂದದ್ದು. ಯಾಕೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಬೀದಿಯ ಪಾದ್ರಿ ಇದನ್ನು ಶಿಲುಬೆಯ ಗುರುತು ಅಂದುಕೊಂಡಿದ್ದರು."

"ಏನಂತಾರ್ಲಾ?" ಎಂದ ಬಸವರಾಜಪ್ಪ.

ಮಹಾಂತೇಶ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದ. ಬಸವರಾಜಪ್ಪ ಬಾಯಲ್ಲಿದ್ದುದನ್ನು ನುಂಗಿದ. ತಲೆಯೆತ್ತದೆ ಹೆಂಡತಿಗೆ, "ಮಜ್ಜಿಗೆ ಬಡ್ಸು," ಎಂದ.

ಮಹಾಂತೇಶನ ಲಿಂಗ ತಿಪಟೂರಿನ ಮನೆಯ ಬೀರುವಿನಲ್ಲಿ, ಹಳೆಯ ಕನ್ನಡಕಗಳ ಡಬ್ಬಿಯಲ್ಲಿತ್ತು. ಬನಿಯನ್ನಿನೊಳಗೆ ಬೆವರುತ್ತದೆಂದು ತೆಗೆದಿಟ್ಟವನು ಮತ್ತೆ ಹಾಕಿಕೊಂಡಿರಲಿಲ್ಲ. ಅವನನ್ನು ಯಾರೂ ಸತ್ತನೆಂದು ಕೂರಿಸಿ ಪೂಜೆ ಮಾಡಲಿಲ್ಲ. ಅವನೇನೂ ಯಾರ ಜೊತೆಯೂ ಹಡಗು ಹತ್ತಿರಲಿಲ್ಲವಲ್ಲ. ಈಗ ಹೇಳಬೇಕು, ಈ ತುತ್ತಿಗೆ, ಎಂದುಕೊಂಡ. ತುತ್ತು ಗಂಟಲಿಳಿಯಿತು. ನಾಚಿಕೆಯಾಯಿತು. ಹಿಂದೆಯೇ ಸಿಟ್ಟೂ ಬಂತು, ಲೀಲಾಳ ಮೇಲೆಯೇ. ಅಷ್ಟು ದೂರದಿಂದ ಬಂದು ತನ್ನ ಊಟ ಕೆಡಿಸಿದಳಲ್ಲ ಎಂದು.

ಹೊರಡುವಾಗ ಲೀಲಾ ಒಂದೇ ಒಂದು ಕೇಳಿದಳು. "ಬಾಗಿಲಂತೂ ಸಿಗಲಿಲ್ಲ. ಈ ಮಣ್ಣಿನದೊಂದು ಕಾಯಿ ಕೊಡಿ. ವಿಮಾನದಲ್ಲಿ ಬಿಟ್ಟರೆ ಅಮ್ಮನ ಕಿಟಕಿಯ ಕೆಳಗೆ ನೆಡುತ್ತೇನೆ."

ಮಹಾಂತೇಶ ಅದನ್ನು ಅಣ್ಣನಿಗೆ ತಿಳಿಸಿದ. ಹಿತ್ತಿಲ ನೆರಳಿನಲ್ಲಿ ಬಿತ್ತನೆ ಕಾಯಿಯ ರಾಶಿಯಿತ್ತು, ಕೆಲವು ಮೊಳಕೆಯೊಡೆದು ಎಲೆ ಬಿಟ್ಟಿದ್ದವು. ಬಸವರಾಜಪ್ಪ ಅತ್ತ ಹೋಗಲಿಲ್ಲ. ಏಣಿಯಿಟ್ಟು ಅಟ್ಟ ಹತ್ತಿದ. ಮಹಾಂತೇಶ ಏಣಿಯ ಬುಡಕ್ಕೆ ಹೋಗಿ ನಿಂತ.

"ಅಣ್ಣಯ್ಯ, ಬಿತ್ನೆ ಕಾಯಿ ಹಿತ್ಲಾಗೈತಲ್ಲ."

"ಐತೆ."

"ಅಟ್ಟದ್ದು ಮೊಳೆಯಲ್ಲ."

ಅದು ಈ ಸೀಮೆಯ ಮಕ್ಕಳಿಗೂ ಗೊತ್ತು. ಕಾಯಿ ವರ್ಷವಿಡೀ ಅಟ್ಟದ ಮೇಲೆ ಕೂತರೆ ಒಳಗಿನ ನೀರು ಆರಿ, ತಿರುಳು ಕರಟದಿಂದ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಹೊರಗಿನ ಸಿಪ್ಪೆ ಹಾಗೆಯೇ ಇರುತ್ತದೆ. ಮಾರಲು ಅದೇ ಒಳ್ಳೆಯದು, ನೆಡಲು ಬರುವುದಿಲ್ಲ.

"ಹಗುರ ಇರ್ತದೆ. ಅಷ್ಟು ದೂರ ಹೊರಬೇಕಲ್ಲ ಪಾಪ," ಎಂದ ಬಸವರಾಜಪ್ಪ ಮೇಲಿನಿಂದ. ಕಾಯಿ ಆರಿಸುತ್ತ, "ಮೊಳೆತ್ರೆ ಬೇರು ಬುಡ್ತದೆ ಕಣ್ಲಾ. ನಿಂಗೆ ಹೇಳಬೇಕು ಅನ್ಸುದ್ರೆ ಹೇಳ್ಕ ಹೋಗು. ನಿನ್ ಬಾಯೇನು ನಾನು ಕಟ್ಟಿದೀನಾ?"

ಅದು ನಿಜ. ಯಾರೂ ಕಟ್ಟಿರಲಿಲ್ಲ. ಮಹಾಂತೇಶ ಕೈಚಾಚಿ ಕಾಯನ್ನು ಇಳಿಸಿಕೊಂಡ.

ಗುರುಸಿದ್ದಮ್ಮ ಮೊರದಲ್ಲಿ ಅಕ್ಕಿ, ಬೆಲ್ಲ, ರವಿಕೆ ಕಣ ತಂದಳು. ಲೀಲಾಳ ದುಪಟ್ಟಾದ ಸೆರಗನ್ನು ತಾನೇ ಬಿಡಿಸಿ ಹಿಡಿಸಿ, ತವರಿಂದ ಹೊರಟ ಮಗಳಿಗೆ ಹಾಕುವ ಹಾಗೆ ಮಡಿಲಕ್ಕಿ ಹಾಕಿದಳು. ಅತ್ತಿಗೆಗೆ ಯಾರೂ ಏನೂ ಹೇಳಿರಲಿಲ್ಲ. ಅಕ್ಕಿಯ ಮೇಲೆ ಕಾಯನ್ನಿಟ್ಟಾಗ ಒಳಗೆ ಸದ್ದಾಯಿತು. ಅವಳು ಗಂಡನನ್ನು ನೋಡಿದಳು, ಮೈದುನನನ್ನು ನೋಡಿದಳು, ಮೊರ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು.

ಕಾರು ಊರು ದಾಟಿತು. ಲೀಲಾ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಒಳಗೇನೋ ಬಡಿಯುತ್ತಿದೆ. ಜೀವವಿದೆ ಇದರಲ್ಲಿ."

ಟ್ಯಾಕ್ಸಿಯ ದಿನೇಶ್ ಕನ್ನಡಿಯಲ್ಲಿ ನೋಡಿದ. "ಸಾರ್, ಅದು ಕೊಬ್ರಿ ಕಾಯಲ್ವಾ? ನೆಡಕ್ಕೆ ಅಂತಿದ್ರು ಅಮ್ಮೋರು?"

"ನೀನು ರಸ್ತೆ ನೋಡಪ್ಪ."

"ಏನಂದ?" ಎಂದಳು ಲೀಲಾ.

"ಒಳ್ಳೆಯ ಕಾಯಿ ಅಂದ."

ಆಕೆ ಫೋನು ತೆಗೆದು ತಾಯಿಗೆ ವಿಡಿಯೋ ಕರೆ ಮಾಡಿದಳು. ದಿಂಬಿಗೊರಗಿದ ಮುದುಕಿಯ ಮುಖ ಬಂತು. ಮಹಾಂತೇಶನಿಗೆ ಅದು ಅವನ ಅಜ್ಜನ ಮುಖವೇ ಆಗಿತ್ತು, ಅದೇ ಗಲ್ಲ, ಅದೇ ದೊಡ್ಡ ಕಿವಿ. ಬಾಗಿಲು ಸಿಕ್ಕಿತಾ ಎಂದು ಮುದುಕಿ ಕೇಳಿದಳು. ಇಲ್ಲಮ್ಮ, ಆದರೆ ಇದನ್ನು ಕೇಳು ಎಂದು ಲೀಲಾ ಕಾಯನ್ನು ಫೋನಿಗೆ ಹಿಡಿದು ಅಲ್ಲಾಡಿಸಿದಳು.

ಬಸ್ ಸ್ಟಾಪು ಹೋಯಿತು. ಡೈರಿ ಹೋಯಿತು. ಸಮುದ್ರದಾಚೆ ಮುದುಕಿ ಎಡಗೈಯನ್ನು ಎದೆಯ ಮೇಲಿಟ್ಟು, ಬೆರಳು ಮಡಚಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮತ್ತೊಂದು ಸಲ ಎಂದಳು. ಲೀಲಾ ಮತ್ತೆ ಅಲ್ಲಾಡಿಸಿದಳು, ಮತ್ತೆ. ಕರಟದಿಂದ ಬಿಟ್ಟ ಕೊಬ್ಬರಿ ಒಳಗಿನ ಕತ್ತಲಲ್ಲಿ ಅತ್ತ ಬಡಿದು ಇತ್ತ ಬಡಿದು, ಎಲ್ಲೂ ಅಂಟದೆ, ತಿಪಟೂರಿನವರೆಗೂ ಸದ್ದು ಮಾಡುತ್ತಲೇ ಇತ್ತು.