ಹೇಳಿದ್ದಷ್ಟೇ ಬರೆಯುವ ಪೆನ್ಸಿಲ್

ಸಾವಿತ್ರಿಬಾಯಿಯವರು ಸೆಕ್ರೆಟೇರಿಯಟ್ಟಿನಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದರು. ಅಷ್ಟರಲ್ಲಿ ಹದಿನಾಲ್ಕು ಅಧಿಕಾರಿಗಳು ಬಂದು ಹೋದರು. ಶುರು ಮಾಡಿದ ವಾಕ್ಯವನ್ನು ತಾವೇ ಮುಗಿಸಿದವರು ಅವರಲ್ಲಿ ಇಬ್ಬರೇ. ಮಿಕ್ಕ ಹನ್ನೆರಡು ಮಂದಿ "ಅದೇ, ಹೋದ ಸಲ ಬರೆದೆವಲ್ಲ, ಹಾಗೆ" ಎಂದು ಗಾಳಿಯಲ್ಲಿ ಕೈಯಾಡಿಸಿ ಚಹಾದ ಕಪ್ಪು ಎತ್ತುತ್ತಿದ್ದರು. ಆ ಕೈಯಾಟದಿಂದ ಎರಡು ಪುಟ ಇಂಗ್ಲಿಷ್ ತೆಗೆಯುವುದು ಬಾಯಿಯವರ ಕೆಲಸ. ಸರ್ಕಾರ ಹಾಗೇ ನಡೆಯಿತು, ಯಾರೂ ದೂರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ನಾರಾಯಣಗೂಡದಲ್ಲಿ ತಮ್ಮನಾದ ಹನುಮಂತರಾಯರ ಮನೆಗೆ ಬಂದರು. ರಾಯರು ಬೆಳಗಿನ ಆರೂಕಾಲಿಗೆ ಕಂಪನಿಯ ಬಸ್ಸು ಹತ್ತಿ ಬಾಲಾನಗರದ ಕಾರ್ಖಾನೆಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ಉಳಿದವಳು ಮಗಳು ನಲಿನಿ. ಹತ್ತೊಂಬತ್ತು ವರ್ಷ, ಬಿ.ಕಾಂ.

ನಲಿನಿ ಪುಸ್ತಕ ತೆರೆದರೆ ಅಕ್ಷರಗಳು ಸುಲ್ತಾನ್ ಬಜಾರಿನ ಸಂಜೆಯ ಜನರಂತೆ ಒಂದನ್ನೊಂದು ತಳ್ಳಿಕೊಂಡು ನುಗ್ಗುತ್ತಿದ್ದವು. ಬರೆಯಲು ಕೂತರೆ ಗೊತ್ತಿದ್ದ ಉತ್ತರವೂ ಅರ್ಧ ದಾರಿಯಲ್ಲಿ ಕೈತಪ್ಪಿ ಹೋಗುತ್ತಿತ್ತು. ಕಿವಿ ಮಾತ್ರ ಬೇರೆಯೇ ಜಾತಿಯದು: ಒಂದು ಸಲ ಕೇಳಿದ್ದು ಅಲ್ಲೇ ನಿಲ್ಲುತ್ತಿತ್ತು. ಮೊದಲ ವರ್ಷ ಮೂರು ವಿಷಯಗಳಲ್ಲಿ ಫೇಲಾದಾಗ ರಾಯರು ಮಗಳನ್ನು ಒಬ್ಬ ಡಾಕ್ಟರರ ಬಳಿಗೆ ಕರೆದೊಯ್ದರು. ಡಾಕ್ಟರರು ಎರಡು ದಿನ ಪರೀಕ್ಷಿಸಿ, 'ಡಿಸ್ಲೆಕ್ಸಿಯಾ' ಎಂದು ಎರಡು ಪುಟ ಬರೆದುಕೊಟ್ಟರು. ಅದನ್ನು ಸಾವಿತ್ರಿಬಾಯಿ ನೆಂಟರಿಗೆಲ್ಲ ಒಂದೇ ಸಾಲಿಗೆ ಇಳಿಸಿ ಹೇಳಿದರು: "ಬುದ್ಧಿ ಭೇಷ್ ಐತಿ. ಅಕ್ಷರದ ಜೋಡಿ ಜಗಳ ಐತಿ, ಅಷ್ಟ."

ಆ ಕಾಗದದ ಬಲದಿಂದ ವಿಶ್ವವಿದ್ಯಾಲಯವು ಅನುಮತಿ ಕೊಟ್ಟಿತು. ನಲಿನಿ ಉತ್ತರ ಹೇಳಬಹುದು, ಇನ್ನೊಬ್ಬರು ಬರೆಯಬಹುದು, ಒಂದು ಗಂಟೆ ಹೆಚ್ಚು. ಬರೆಯುವವರು ಅವಳಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಆದರೆ ಅರ್ಧವಾರ್ಷಿಕ ಪರೀಕ್ಷೆ ಕಾಲೇಜಿನದೇ ಆದ್ದರಿಂದ ನಿಯಮವನ್ನು ಯಾರೂ ತಿರುವಿಹಾಕಲಿಲ್ಲ. ಬರೆಯಲು ಸಾವಿತ್ರಿಬಾಯಿಯೇ ಹೋದರು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಎರಡು ಪೆನ್ನು ಹಿಡಿದು.

ಮೂರನೆಯ ದಿನ ಕಾಮರ್ಸಿನ ಕಮಲಾಕ್ಷಿ ಮೇಡಂ ಇಬ್ಬರನ್ನೂ ಕರೆಸಿದರು. ಅವರದು ಮೈಸೂರು ಕಡೆಯ ಕನ್ನಡ. ಅದು ಮೆತ್ತಗಿರುತ್ತದೆ, ಆದ್ದರಿಂದ ಪೆಟ್ಟು ಬಿದ್ದದ್ದು ತಡವಾಗಿ ತಿಳಿಯುತ್ತದೆ.

"ನಲಿನಿ, ಇದು ನೀನು ಹೇಳಿದ ಉತ್ತರಾನಾ?"

"ಹೌದು ಮೇಡಂ."

"ಕೊನೇ ಸಾಲು ಕನ್ನಡ ಮಾಡಿ ಓದ್ತೀನಿ, ಕೇಳು. 'ಅಗ್ನಿ ವಿಮೆಯ ತತ್ತ್ವಗಳನ್ನು ಮೇಲಿನಂತೆ ಪರಿಶೀಲಿಸಿ, ಸೂಕ್ತ ಆದೇಶಕ್ಕಾಗಿ ಸವಿನಯವಾಗಿ ಸಲ್ಲಿಸಲಾಗಿದೆ.' ಯಾರಿಗಮ್ಮ ಸಲ್ಲಿಸಿದ್ದು? ನನಗಾ, ಗವರ್ನರಿಗಾ?"

ಸಾವಿತ್ರಿಬಾಯಿ ಫ್ಯಾನಿನ ಕಡೆ ನೋಡಿದರು. "ಅದು ಕೈ ತಾನ ಬರಕೊಂಡು ಹೋತ್ರಿ."

"ಇವಳು ಮೂರು ಸಾಲು ಹೇಳಿರಬೇಕು. ಇಲ್ಲಿ ಮೂರು ಪುಟ ಇದೆ."

"ನಾಕು ಸಾಲು ಹೇಳ್ಯಾಳ್ರಿ," ಎಂದರು ಬಾಯಿ, ಸೋದರಸೊಸೆಯ ಮಾನ ಉಳಿಸುವ ಧ್ವನಿಯಲ್ಲಿ.

ಮೇಡಂ ನಗಲಿಲ್ಲ. ಉತ್ತರಪತ್ರಿಕೆಯ ಮೇಲೆ ಉದ್ದಕ್ಕೆ ಕೆಂಪು ಗೀಟು ಎಳೆದರು. "ವಾರ್ಷಿಕ ಪರೀಕ್ಷೇಲಿ ಆ ಕೋಣೆಗೆ ನಾನೇ ಇರ್ತೀನಿ. ಅವಳದಲ್ಲದ ಒಂದು ವಾಕ್ಯ ಕಂಡರೂ ಯೂನಿವರ್ಸಿಟಿಗೆ ಬರೀಬೇಕಾಗತ್ತೆ. ಅನುಮತಿ ಹೋಗತ್ತೆ. ಆಮೇಲೆ ಅವಳೇ ಬರೀಬೇಕು. ಹೋದ ವರ್ಷ ಏನಾಯ್ತು ಅಂತ ನಿಮಗೇ ಗೊತ್ತು."

ದಾರಿಯುದ್ದಕ್ಕೂ ಕೋಚಿಂಗ್ ಸೆಂಟರುಗಳ ಬೋರ್ಡುಗಳ ಕೆಳಗೆ ಇಬ್ಬರೂ ನಡೆದರು. ಮನೆಯ ಗೇಟಿನ ಬಳಿ ನಲಿನಿ ನಿಂತಳು.

"ಅತ್ಯಾ, ನಾ ಹೇಳಿದ್ದು ಯಾಕ ಬರೀಲಿಲ್ರಿ?"

"ಛಂದ ಮಾಡಿದ್ನೆವಾ."

"ಛಂದ ಆತು, ಖರೆ. ನಂದು ಹೋತಲ್ರಿ. ನಿಮ್ಮ ಆ ಕೈ ಆಡಸೋ ಹನ್ನೆರಡು ಸಾಹೇಬರೊಳಗ ನಾನೂ ಒಬ್ಬಾಕಿ ಆದ್ನೇನ್ರಿ?"

ಮೂವತ್ತೊಂದು ವರ್ಷದಲ್ಲಿ ಯಾವ ಅಧಿಕಾರಿಯೂ ಬಾಯಿಯವರನ್ನು ಹಾಗೆ ಕೇಳಿರಲಿಲ್ಲ. ಆ ಸಂಜೆ ಅವರು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದರು.

ಮರುದಿನ ಬೆಳಗ್ಗೆ ತಮ್ಮ ಹಳೆಯ ಪೆನ್ಸಿಲಿನ ಮೊನೆ ಚೂಪು ಮಾಡಿ, ಕುರ್ಚಿ ಎಳೆದು, ತಾವು ಸ್ಟೂಲಿನ ಮೇಲೆ ಕೂತರು.

"ಬಾ, ಕುರ್ಚಿ ಮ್ಯಾಲ ಕೂಡು. ಇವತ್ತಿಂದ ನೀ ಸಾಹೇಬ, ನಾ ಸ್ಟೆನೋ. ಭಾಳ ದಡ್ಡ ಸ್ಟೆನೋ. ನೀ ಹೇಳಲಿಲ್ಲ ಅಂದ್ರ ನನಗ ಏನೂ ತಿಳಿಯಂಗಿಲ್ಲ."

"ನಿಮಗ ದಡ್ಡ ಆಗಾಕ ಬರ್ತೈತೇನ್ರಿ ಅತ್ಯಾ?"

"ಇಷ್ಟು ವರ್ಷ ಶಾಣ್ಯಾ ಆಗಿದ್ದೆ. ಆ ಹನ್ನೆರಡು ಮಂದಿ ಏನರ ಕಲತರೇನು? ಶುರು ಮಾಡು."

ಕಲಿಸುವುದಕ್ಕೆ ಅವರ ಬಳಿ ಇದ್ದದ್ದು ವಾಕ್ಯ ಮುಗಿಸುತ್ತಿದ್ದ ಇಬ್ಬರಲ್ಲಿ ಒಬ್ಬರಾದ ವೀರಭದ್ರಪ್ಪನವರ ಪದ್ಧತಿ. ವೀರಭದ್ರಪ್ಪನವರು ಹೇಳುವಾಗ ಸ್ಟೆನೋಳ ಮುಖ ನೋಡುತ್ತಿರಲಿಲ್ಲ, ಪೆನ್ಸಿಲ್ ನೋಡುತ್ತಿದ್ದರು. ಅದು ಓಡುವಾಗ ಸುಮ್ಮನಿದ್ದು, ನಿಂತಾಗ ಮುಂದಿನ ತುಂಡು ಕೊಡುತ್ತಿದ್ದರು. ಫುಲ್‌ಸ್ಟಾಪ್, ಹೊಸ ಪ್ಯಾರಾ, ಅಡಿಗೆರೆ, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಪ್ರತಿ ಪುಟಕ್ಕೂ ಕಣ್ಣು ಮುಚ್ಚಿ "ಓದಿ ಹೇಳ್ರಿ" ಎನ್ನುತ್ತಿದ್ದರು. ಕಣ್ಣು ತಪ್ಪಿಸಿಕೊಂಡ ತಪ್ಪು ಅವರ ಕಿವಿಗೆ ಸಿಕ್ಕುತ್ತಿತ್ತು.

ಮೊದಲ ದಿನದ ಫಲ ಹೀಗಿತ್ತು. ನಲಿನಿ ಹೇಳಿದಳು, ಸಾವಿತ್ರಿಬಾಯಿ ಬರೆದರು, ಬರೆದದ್ದನ್ನು ಓದಿದರು: "ಅಗ್ನಿ ವಿಮೆ ಅಂದ್ರ, ಅದ, ಏನದು, ತಡೀರಿ ಅತ್ಯಾ, ಮನಿಗೆ ಬೆಂಕಿ ಹತ್ತಿದ್ರ, ಕೆಮ್ಮು."

"ಕೆಮ್ಮೂ ಬರದ್ರೇನ್ರಿ?"

"ಹೇಳಿದ್ದಷ್ಟ ಬರೀತೀನಿ. ಕೆಮ್ಮು ಬ್ಯಾಡ ಅಂತ ನೀ ಹೇಳಲಿಲ್ಲ."

ನಲಿನಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಆಮೇಲೆ ಎದ್ದು ಕೂತು ಮತ್ತೆ ಮೊದಲಿನಿಂದ ಹೇಳಿದಳು.

ಪಾಠಗಳನ್ನು ಬಾಯಿಯವರು ಕ್ಯಾಸೆಟ್ಟಿಗೆ ಓದಿ ಕೊಡುತ್ತಿದ್ದರು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗಿದ್ದೂ ಅದರಲ್ಲಿ ಸೇರುತ್ತಿತ್ತು. ಸವಕಳಿಯ ಅಧ್ಯಾಯವನ್ನು ನಲಿನಿ ಕೊನೆಗೂ ನೆನಪಿಟ್ಟದ್ದು ಎರಡನೆಯ ಸೀಟಿಯ ಮುಂಚಿನ ಭಾಗ, ಮೂರನೆಯ ಸೀಟಿಯ ನಂತರದ ಭಾಗ ಎಂದು. ಕೇಳುವುದು ಅವಳಿಗೆ ಸುಲಭ. ಕೇಳಿದ್ದನ್ನು ತುಂಡು ತುಂಡಾಗಿ, ಕ್ರಮವಾಗಿ, ಇನ್ನೊಬ್ಬರ ಕೈಗೆ ಕೊಡುವುದು ಕಷ್ಟ. ಅದಕ್ಕಿಂತ ಕಷ್ಟ ಸ್ಟೂಲಿನ ಮೇಲಿದ್ದವರದು. ಸೊಸೆ ತಡವರಿಸಿದಾಗಲೆಲ್ಲ ಮುಂದಿನ ಶಬ್ದ ಬಾಯಿಯವರ ನಾಲಗೆಯ ತುದಿಗೆ ಬಂದು ಕೂರುತ್ತಿತ್ತು. ಅದನ್ನು ತಡೆಯಲು ಅವರು ಬಾಯಿಯಲ್ಲಿ ಅಡಿಕೆ ಹೋಳು ಇಟ್ಟುಕೊಳ್ಳತೊಡಗಿದರು. ಎರಡು ತಿಂಗಳಲ್ಲಿ ಒಂದು ಹಲ್ಲು ಅಲುಗಾಡಿತು.

ಒಂದು ಸಂಜೆ ರಾಯರು ಊಟದ ಡಬ್ಬಿ ಹಿಡಿದು ಒಳಗೆ ಬರುವಾಗ ಮಗಳ ದನಿ ಕೇಳಿಸಿತು. "ಎರಡನೇ ಸಾಲು ಹೊಡದು ಹಾಕ್ರಿ. ನಾ 'ಸಾಮಾನ್ಯವಾಗಿ' ಅಂದಿಲ್ಲ. ಈಗ ಓದಿ ಹೇಳ್ರಿ." ಅಕ್ಕ "ಹೂನ್ರಿ" ಎಂದು ಓದುತ್ತಿದ್ದರು. ರಾಯರು ಹೊಸ್ತಿಲಲ್ಲೇ ನಿಂತರು.

"ಅಕ್ಕಾ, ಐವತ್ತು ವರ್ಷ ಆತು, ನಿನಗ ಹಿಂಗ ಮಾತಾಡೋ ಧೈರ್ಯ ನಾ ಮಾಡಿಲ್ಲ."

"ನಿನಗ ಯಾರೂ ಅನುಮತಿ ಕೊಟ್ಟಿಲ್ಲ. ಕೈಕಾಲು ತೊಳಕೊ ಹೋಗು, ಸಾಹೇಬರು ಕೆಲಸ ಮಾಡಾಕತ್ತಾರ."

ವಾರ್ಷಿಕ ಪರೀಕ್ಷೆಯಲ್ಲಿ ವಿಮೆಯ ಪತ್ರಿಕೆಯ ದಿನ ನಲಿನಿ ಚಪ್ಪಲಿ ಮೆಟ್ಟುತ್ತ ಹೇಳಿದಳು, "ಅತ್ಯಾ, ಇವತ್ತ ನೀವು ಬರಬ್ಯಾಡ್ರಿ."

"ಗೇಟಿನ ತನಾ."

"ಗೇಟಿನ ತನಾನೂ ಬ್ಯಾಡ್ರಿ. ನೀವು ಅಲ್ಲಿ ನಿಂತೀರಿ ಅಂತ ಗೊತ್ತಾದ್ರ ನನ್ನ ಕಿವಿ ನಿಮ್ಮ ಕಡೆ ಇರ್ತೈತಿ."

ಬಾಯಿ ಅವಳಿಗೆ ಮೊಸರು-ಸಕ್ಕರೆ ಕೊಟ್ಟು ಬಾಗಿಲು ಹಾಕಿಕೊಂಡರು. ಮತ್ತೆ ತೆಗೆದು ಸುಲ್ತಾನ್ ಬಜಾರಿಗೆ ಹೋಗಿ, ತಮ್ಮ ಯಾವ ಸೀರೆಗೂ ಹೊಂದದ ಕುಪ್ಪಸದ ಬಟ್ಟೆ ತಂದರು.

ಅತ್ತ, ಕಾಲೇಜಿನ ಮೂಲೆಯ ಕೋಣೆಯಲ್ಲಿ ಮೂವರು. ನಲಿನಿ, ಮೇಜಿನಾಚೆ ಕಮಲಾಕ್ಷಿ ಮೇಡಂ, ಬರೆಯಲು ಉಷಾ ಎಂಬ ತೆಲುಗು ಹುಡುಗಿ. ಉಷಾ ಇಂಟರ್, ಅಂದರೆ ಪಿಯುಸಿ, ಮೊದಲ ವರ್ಷ, ಜೀವಶಾಸ್ತ್ರದವಳು, ವಿಮೆಯ ಗಂಧಗಾಳಿಯೂ ಗೊತ್ತಿಲ್ಲ. ನಲಿನಿಗಿಂತ ಅವಳೇ ಹೆಚ್ಚು ಹೆದರಿದ್ದಳು. ಪ್ರಶ್ನೆಗಳನ್ನು ಅವಳು ಓದಿದಳು. ನಲಿನಿ ಕಣ್ಣು ಮುಚ್ಚಿ ಕೇಳಿದಳು, ಆಮೇಲೆ ಕಣ್ಣು ತೆರೆದು ಪೆನ್ನಿನ ಮೊನೆ ನೋಡುತ್ತ ಶುರು ಮಾಡಿದಳು. ಒಂದು ತುಂಡು, ನಿಲುಗಡೆ, ಇನ್ನೊಂದು ತುಂಡು. ಫುಲ್‌ಸ್ಟಾಪ್. ಹೊಸ ಪ್ಯಾರಾ.

ಮೊದಲ ಪುಟ ಮುಗಿದಾಗ ತೆಲುಗಿನಲ್ಲಿ, "ಓದಿ ಹೇಳಮ್ಮ" ಎಂದಳು.

ಉಷಾ ಓದಿದಳು: "ಈ ಆಧುನಿಕ ಯುಗದಲ್ಲಿ ವಿಮೆಯು ಮಾನವಜೀವನದಲ್ಲಿ ಅತ್ಯಂತ ಮಹತ್ವದ ಪಾತ್ರ ವಹಿಸುತ್ತದೆ."

ಮೇಜಿನಾಚೆ ಕುರ್ಚಿ ಕಿರ್ರೆಂದಿತು.

"ಇದು ನಾನು ಹೇಳಲಿಲ್ಲ."

"ಅಕ್ಕಾ, ಯಾವ ಉತ್ತರವಾದರೂ ಹೀಗೇ ಶುರು ಮಾಡಬೇಕು. ನಮ್ಮ ಕೋಚಿಂಗಿನಲ್ಲಿ ಕಲಿಸಿದ್ದಾರೆ. ಮಾರ್ಕ್ಸ್ ಬರುತ್ತೆ," ಎಂದು ಉಷಾ ಪಿಸುಗುಟ್ಟಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಒಬ್ಬರ ಕೈ ಆದೇಶಕ್ಕಾಗಿ ಸಲ್ಲಿಸುತ್ತದೆ, ಇನ್ನೊಬ್ಬರ ಕೈ ಆಧುನಿಕ ಯುಗದಿಂದ ಹೊರಡುತ್ತದೆ. ನಡುವೆ ನಲಿನಿಯ ನಾಲ್ಕು ಸಾಲಿಗೆ ಜಾಗ ಸಿಗಬೇಕು.

ನಲಿನಿ ಮೇಡಂ ಕಡೆ ನೋಡಲಿಲ್ಲ. ಪೆನ್ನನ್ನೇ ನೋಡಿದಳು.

"ಒಂದೇ ಗೆರೆಯಲ್ಲಿ ಹೊಡೆದು ಹಾಕು. ಕೆಳಗೆ ಬರಿ: ವಿಮೆ ಎಂದರೆ ಒಂದು ಒಪ್ಪಂದ. ಫುಲ್‌ಸ್ಟಾಪ್. ನೀನು ಹೆದರಬೇಡ. ನನ್ನ ತಪ್ಪಿದ್ದರೆ ತಪ್ಪೇ ಬರಿ. ಅದು ನನ್ನದಾಗಿರಲಿ."

ಕುರ್ಚಿ ಮತ್ತೆ ಕಿರ್ರೆನ್ನಲಿಲ್ಲ. ನಾಲ್ಕು ಗಂಟೆಯ ಆ ಪರೀಕ್ಷೆಯಲ್ಲಿ ನಲಿನಿ ಹನ್ನೊಂದು ಸಲ ಓದಿಸಿದಳು, ಆರು ಸಲ ತಿದ್ದಿಸಿದಳು. ಕೊನೆಯ ಗಂಟೆಯ ಹೊತ್ತಿಗೆ ಉಷಾ ಅವಳನ್ನು ಅಕ್ಕಾ ಎನ್ನುವುದು ಬಿಟ್ಟು ಮೇಡಂ ಎನ್ನುತ್ತಿದ್ದಳು. ತನಗೆ ತಿಳಿಯದಂತೆಯೇ.

ಮನೆಯಲ್ಲಿ ಬಾಯಿ ಕಿಟಕಿಯ ಬಳಿ ನಿಂತಿದ್ದರು. ಏನು ಬರೆಸಿದೆ ಎಂದು ಕೇಳಲಿಲ್ಲ.

"ಓದಿಸಿ ಕೇಳಿದೇನು?"

"ಪ್ರತಿ ಪುಟ ಕೇಳೇನ್ರಿ."

"ಏನರ ಸಿಕ್ತು?"

"ಸಿಕ್ತು. ಆಧುನಿಕ ಯುಗ."

ವಿವರ ಕೇಳಿದ ಮೇಲೆ ಬಾಯಿ ಬಹಳ ಹೊತ್ತು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅಡಿಕೆಯಿಂದ ಹಲ್ಲು ನೋಯುತ್ತಿದೆ ಎಂದರು.

ಫಲಿತಾಂಶದಲ್ಲಿ ಹಿಂದಿನ ಮೂರು ವಿಷಯಗಳೂ ಸೇರಿ ಎಲ್ಲವೂ ಪಾಸು. ಆ ವಾರವೇ ಕಮಲಾಕ್ಷಿ ಮೇಡಂ ಮನೆಗೆ ಬಂದರು. ಚಹಾದ ಮೊದಲ ಗುಟುಕಿಗೇ ವಿಷಯಕ್ಕಿಳಿದರು.

"ಸಾವಿತ್ರಮ್ಮನವರೇ, ನಮ್ಮಲ್ಲಿ ಇಂಥದ್ದೇ ಸರ್ಟಿಫಿಕೇಟಿನ ಹುಡುಗೀರು ಇನ್ನಿಬ್ಬರು ಇದ್ದಾರೆ. ಅವರ ಅಮ್ಮಂದಿರು ತರಗತಿ ಬಾಗಿಲವರೆಗೂ ಬರ್ತಾರೆ. ಶನಿವಾರ ನೀವು ಬಂದು ಈ ಹೇಳಿ ಬರೆಸೋದನ್ನ ಕಲಿಸ್ತೀರಾ?"

ಬಾಯಿ ಬೆನ್ನು ನೆಟ್ಟಗೆ ಮಾಡಿಕೊಂಡರು. ಹದಿನಾಲ್ಕು ಅಧಿಕಾರಿಗಳ ಕೋಣೆಯ ಮುಂದೆ ಕೂತ ಬೆನ್ನು ಅದು.

"ನನ್ನ ಯಾಕ ಕೇಳ್ತೀರಿ? ನಾ ಸ್ಟೆನೋ. ಸಾಹೇಬರು ಇಲ್ಲೇ ಅದಾರ, ಅವರನ್ನ ಕೇಳ್ರಿ."

ನಲಿನಿ ಒಪ್ಪಿದಳು, ಒಂದು ಷರತ್ತಿನ ಮೇಲೆ: ಅಮ್ಮಂದಿರು ಗೇಟಿನ ಹೊರಗಿರಬೇಕು.

ಮೊದಲ ಶನಿವಾರ ನಲಿನಿ ಕಿಟಕಿಯ ಬಳಿ ನಿಂತಳು. ಬಾಯಿ ಬೆಂಚಿನ ತುದಿಯಲ್ಲಿ ಹಾಳೆ ಬಿಡಿಸಿ ಕೂತರು. ಇಬ್ಬರಲ್ಲಿ ಒಬ್ಬ ಹುಡುಗಿ ಎದ್ದು ಅರ್ಧ ವಾಕ್ಯ ಹೇಳಿ, ನಿಂತು, ಬಾಯಿಯವರ ಮುಖ ನೋಡಿದಳು. ಉಳಿದರ್ಧ ಬಾಯಿಯವರಿಗೆ ಗೊತ್ತಿತ್ತು. ಅವರ ತುಟಿ ತೆರೆಯಿತು, ಮುಚ್ಚಿತು.

"ಮುಖ ನೋಡಬೇಡ, ಪೆನ್ಸಿಲ್ ನೋಡು. ಅದು ನಿನಗಾಗೇ ನಿಂತಿದೆ," ಎಂದಳು ನಲಿನಿ.

ಪೆನ್ಸಿಲ್ ಹಾಳೆಯ ಮೇಲೆ ಅಲುಗದೆ ನಿಂತಿತ್ತು. ಹುಡುಗಿ ಅದನ್ನು ನೋಡುತ್ತ ಉಸಿರೆಳೆದುಕೊಂಡು ಉಳಿದರ್ಧವನ್ನು ತಾನೇ ಹೇಳಿದಳು. ಸಾವಿತ್ರಿಬಾಯಿ ಅಷ್ಟನ್ನೇ ಬರೆದುಕೊಂಡರು.